ಕೆಲಸ ನನ್ನದು, ಸ್ಲೈಡ್ ಇನ್ನೊಬ್ಬರದು: 11 ವರ್ಷದ ಕಂಪನಿ ಬಿಡಬೇಕಾ, ಇದ್ದು ಕೇಳಬೇಕಾ?

ಮಾಗಡಿ ರೋಡ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಹೇಳಿ. ಮನೆಯಲ್ಲಿ ಹೇಳಿಕೊಂಡರೆ ‘ಎಲ್ಲಾ ಆಫೀಸಲ್ಲೂ ಇದ್ದದ್ದೇ ಬಿಡು’ ಅನ್ನುತ್ತಾರೆ. ಆಫೀಸಿನಲ್ಲಿ ಯಾರ ಹತ್ತಿರ ಬಾಯಿ ಬಿಟ್ಟರೂ ಸಂಜೆಯೊಳಗೆ ಅದು ಮ್ಯಾನೇಜರ್ ಕಿವಿಗೆ ಬಿದ್ದಿರುತ್ತದೆ.

ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಐಟಿ ಕಂಪನಿಯಲ್ಲಿ ನನಗೆ 11 ವರ್ಷ ಆಯಿತು. ಕ್ಯಾಂಪಸ್‌ನಿಂದ ನೇರವಾಗಿ ಬಂದವಳು, ಈಗ ಟೆಕ್ ಲೀಡ್. ಅಮೆರಿಕದ ಒಂದು ಬ್ಯಾಂಕ್ ನಮ್ಮ ಕ್ಲೈಂಟ್. ಅವರ ಹಳೇ ಸಿಸ್ಟಂನಿಂದ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ ಎಂಟು ತಿಂಗಳು ನಡೆಯಿತು. ಕೊನೆಯ ಕಟ್‌ಓವರ್‌ಗೆ, ಅಂದರೆ ಹಳೇದು ನಿಲ್ಲಿಸಿ ಹೊಸದಕ್ಕೆ ಬದಲಾಗುವುದಕ್ಕೆ, ಒಂದೇ ವೀಕೆಂಡ್. ಶುಕ್ರವಾರ ರಾತ್ರಿ ಶುರು ಮಾಡಿದರೆ ಸೋಮವಾರ ಅವರ ಬ್ರಾಂಚ್‌ಗಳು ತೆರೆಯುವಷ್ಟರಲ್ಲಿ ಎಲ್ಲಾ ಮುಗಿದಿರಬೇಕು. ಯಾವ ಸ್ಕ್ರಿಪ್ಟ್ ಎಷ್ಟು ಹೊತ್ತಿಗೆ ಓಡಬೇಕು, ಯಾರು ಓಡಿಸಬೇಕು, ಕೆಟ್ಟರೆ ಹಿಂದಕ್ಕೆ ಬರುವುದು ಹೇಗೆ, ಇದೆಲ್ಲ ಇರುವ ರನ್‌ಶೀಟ್ ಬರೆದವಳು ನಾನು. 214 ಸಾಲು.

ಅದೇ ಗುರುವಾರ ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಎರಡು ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು. ಶನಿವಾರ ಮಧ್ಯಾಹ್ನ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡೇ ಅಮ್ಮನ ತಲೆ ಹಿಂದಕ್ಕೆ ಒರಗಿಸಿ, ಒಂದು ಕೈಯಲ್ಲಿ ರೆಪ್ಪೆ ಬಿಡಿಸಿ ಹಿಡಿದಿದ್ದೆ. ಆಗಲೇ ಕಾಲ್‌ನಲ್ಲಿ ನನ್ನ ಹೆಸರು ಕೂಗಿದರು. ಕೈ ಅಲುಗಿತು. ಹನಿ ಕಣ್ಣಿಗೆ ಬೀಳಲಿಲ್ಲ, ಕೆನ್ನೆ ಮೇಲೆ ಇಳಿಯಿತು. ಅಮ್ಮ ಕಣ್ಣು ಮುಚ್ಚಿಕೊಂಡೇ ‘ಮೊದಲು ನಿನ್ನ ಕೆಲಸ ನೋಡ್ಕೋ ಮಗಾ’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಕಟ್‌ಓವರ್ ಚೆನ್ನಾಗಿ ಆಯಿತು. ಮುಂದಿನ ಬುಧವಾರ ಕ್ಲೈಂಟ್‌ನ ದೊಡ್ಡವರ ಜೊತೆ ಮೀಟಿಂಗ್. ಎರಡು ವರ್ಷದ ಹಿಂದೆ ತಂಡಕ್ಕೆ ಬಂದ ಒಬ್ಬ ಸಹೋದ್ಯೋಗಿ ಸ್ಲೈಡ್ ತೋರಿಸಿದರು. ನನ್ನನ್ನು ಮೀಟಿಂಗ್‌ಗೆ ಕರೆದಿದ್ದರು, ಮಾತಾಡಲು ಕರೆದಿರಲಿಲ್ಲ. ಮೂರನೇ ಸ್ಲೈಡಿನಲ್ಲಿದ್ದದ್ದು ನನ್ನ ರನ್‌ಶೀಟೇ. ಅವಸರದಲ್ಲಿ ನಾನು ಒಂದು ಸ್ಪೆಲಿಂಗ್ ತಪ್ಪು ಬರೆದಿದ್ದೆ, ಆ ತಪ್ಪೂ ಹಾಗೇ ಬಂದಿತ್ತು. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

ಹೋದ ವಾರ ಅಪ್ರೈಸಲ್, ವರ್ಷದ ಕೆಲಸಕ್ಕೆ ರೇಟಿಂಗ್ ಹೇಳುವ ಮೀಟಿಂಗ್. ಸಣ್ಣ ಮೀಟಿಂಗ್ ರೂಮ್. ಮ್ಯಾನೇಜರ್ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಬೇರೆಯವರ ಹೆಸರು ಕಾಣಬಾರದು ಅಂತ ಸ್ಕ್ರೀನ್ ಮೇಲೆ ತಮ್ಮ ಡೈರಿ ಅಡ್ಡ ಹಿಡಿದಿದ್ದರು. ನನ್ನ ಸಾಲಿನಲ್ಲಿ ‘ಬಿ’ ಇತ್ತು. ಡೈರಿಯ ಕೆಳಗೆ ಇನ್ನೊಂದು ಸಾಲು ಕಾಣುತ್ತಿತ್ತು. ‘ಎ’ 3, ‘ಬಿ’ 9, ‘ಸಿ’ 2. ನಮ್ಮ ತಂಡ 14 ಜನ. ಮೂರರ ಪಕ್ಕದಲ್ಲಿ ‘ಗರಿಷ್ಠ’ ಅಂತ ಬರೆದಿತ್ತು. ಅಂದರೆ ಹೆಸರು ತುಂಬುವ ಮೊದಲೇ ಲೆಕ್ಕ ಬರೆದಿಟ್ಟಿದ್ದಾರೆ. ‘ನಿಮ್ಮ ಕೆಲಸದ ಬಗ್ಗೆ ಎರಡು ಮಾತಿಲ್ಲ, ಆದರೆ ವಿಸಿಬಿಲಿಟಿ ಸಾಲದು’ ಅಂದರು.

ಇದರ ಮೇಲೆ ದಿನಾ ರಾತ್ರಿ 9.30ಕ್ಕೆ ಕ್ಲೈಂಟ್ ಕಾಲ್. ಹತ್ತೂವರೆಗೆ ಮುಗಿಯಬೇಕಾದದ್ದು ಹನ್ನೊಂದೂವರೆಗೆ ಮುಗಿಯುತ್ತದೆ. ಬೆಳಿಗ್ಗೆ ಮತ್ತೆ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಲೈನ್, ಆರ್‌.ವಿ. ರಸ್ತೆಯಲ್ಲಿ ಹಳದಿ ಲೈನ್. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಬಂದ ಮೇಲೆ ಸಿಲ್ಕ್ ಬೋರ್ಡ್ ಜಾಮ್ ತಪ್ಪಿದೆ, ಅದೊಂದು ಪುಣ್ಯ. ಆದರೆ ದಾರಿಯಲ್ಲಿ ಉಳಿದ ಸಮಯವನ್ನೂ ಆಫೀಸೇ ತಿನ್ನುತ್ತಿದೆ.

ರೇಟಿಂಗ್ ಬಗ್ಗೆ ಕೇಳಿದರೆ ಏನಾದರೂ ಪ್ರಯೋಜನ ಇದೆಯಾ? ರಾತ್ರಿ ಕಾಲ್‌ಗೆ ಬರಲ್ಲ ಅಂತ ಹೇಳುವುದು ಹೇಗೆ? ಬಿಡೋಣ ಅಂದರೆ 90 ದಿನ ನೋಟಿಸ್, ಮನೆ ಸಾಲದ ಇಎಂಐ. ಅನುಭವ ಇದ್ದವರು ಹೇಳಿ.

ಹುಬ್ಳಿ ಹುಡುಗ

ಅಕ್ಕಾ, ಆ ಸ್ಪೆಲಿಂಗ್ ತಪ್ಪಿನ ಮಾತು ಓದಿ ಹೊಟ್ಟೆ ಉರಿಯಿತು. ನನ್ನ ಕೋಡ್‌ಗೂ ಹಿಂಗೇ ಆಗಿದೆ. ನಾನು ಬರೆದ ಕಾಮೆಂಟ್ ಸಮೇತ ಇನ್ನೊಬ್ಬರ ಹೆಸರಲ್ಲಿ ಹೋಯಿತು. ರಾತ್ರಿ ಕಾಲ್ ಮುಗಿಸಿ ಬಂದು ಮತ್ತೆ ಬರೆಯುತ್ತೇನೆ.

ಹಳೇ ಮ್ಯಾನೇಜರ್

ಮೇಡಂ, ಆ ಡೈರಿ ಅಡ್ಡ ಹಿಡಿಯುವವರಲ್ಲಿ ನಾನೂ ಒಬ್ಬ. ಬೇರೆ ದೊಡ್ಡ ಕಂಪನಿಯಲ್ಲಿ ಒಂಬತ್ತು ವರ್ಷ ಮ್ಯಾನೇಜರ್ ಆಗಿದ್ದೆ, ಈಗ ಬಿಟ್ಟಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಗೊತ್ತಿದ್ದರೆ ನಿಮ್ಮ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ.

ನೀವು ನೋಡಿದ 3-9-2 ನಿಮ್ಮ ಮ್ಯಾನೇಜರ್ ಬರೆದದ್ದಲ್ಲ. ಅದು ಬೆಲ್ ಕರ್ವ್, ಯಾವ ರೇಟಿಂಗ್ ಎಷ್ಟು ಜನಕ್ಕೆ ಅಂತ ಮೊದಲೇ ಹಂಚಿಡುವ ಪದ್ಧತಿ. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಈ ಪದ್ಧತಿಯನ್ನು ಪ್ರಸಿದ್ಧ ಮಾಡಿದರು. ನೂರರಲ್ಲಿ ಮೇಲಿನ 20 ಭಾಗ, ನಡುವಿನ 70, ಕೆಳಗಿನ 10. ಆ ಹತ್ತು ಭಾಗದವರನ್ನು ಹೊರಗೆ ಕಳಿಸಬೇಕು ಅನ್ನುವುದು ಲೆಕ್ಕ. ಮೈಕ್ರೋಸಾಫ್ಟ್‌ನಲ್ಲೂ ಇಂಥದ್ದೇ ಇತ್ತು, 2013ರ ನವೆಂಬರ್‌ನಲ್ಲಿ ಕೈಬಿಟ್ಟರು. ಒಂದೇ ತಂಡದವರು ಒಬ್ಬರಿಗೊಬ್ಬರು ಸಹಾಯ ಮಾಡುವುದನ್ನೇ ನಿಲ್ಲಿಸುತ್ತಾರೆ ಅನ್ನುವುದು ಅದರ ಮೇಲಿದ್ದ ದೊಡ್ಡ ದೂರು. ಇಲ್ಲಿ ಕೆಲವು ಕಂಪನಿಗಳು ಹೆಸರು ಬದಲಾಯಿಸಿವೆ, ಲೆಕ್ಕ ಬದಲಾಯಿಸಿಲ್ಲ.

ವರ್ಷಕ್ಕೊಮ್ಮೆ ಎಲ್ಲಾ ತಂಡಗಳ ರೇಟಿಂಗ್ ಹೊಂದಿಸುವ ನಾರ್ಮಲೈಸೇಷನ್ ಮೀಟಿಂಗ್ ಇರುತ್ತದೆ. ಆರು ಮ್ಯಾನೇಜರ್‌ಗಳು, ಒಬ್ಬ ಡೆಲಿವರಿ ಹೆಡ್, ಎಚ್‌ಆರ್‌ನಿಂದ ಒಬ್ಬರು. ಗೋಡೆ ಮೇಲೆ ಎಕ್ಸೆಲ್ ಶೀಟ್. ನಮ್ಮಲ್ಲಿ ಸುಮಾರು 80 ಹೆಸರು ಇರುತ್ತಿದ್ದವು. ಬೆಳಿಗ್ಗೆ ಮೊದಲ ಹತ್ತು ಹೆಸರಿಗೆ ಐದೈದು ನಿಮಿಷ ಸಿಗುತ್ತಿತ್ತು. ಊಟ ಆದ ಮೇಲೆ ಒಂದು ಹೆಸರಿಗೆ ಒಂದು ನಿಮಿಷ. ನಾನು ‘ಈ ಹುಡುಗಿಗೆ ಎ ಕೊಡಬೇಕು’ ಅಂದಾಗ ಆ ರೂಮಿನಲ್ಲಿ ಇನ್ನೊಬ್ಬರು ‘ಹೌದು, ನನಗೂ ಗೊತ್ತು, ಒಳ್ಳೆ ಕೆಲಸಗಾರ್ತಿ’ ಅಂದರೆ ಮುಗಿಯಿತು. ಯಾರೂ ಬಾಯಿ ಬಿಡದಿದ್ದರೆ ಹೆಡ್ ಕೇಳುತ್ತಿದ್ದರು, ‘ಯಾರಿವರು?’ ಆ ಪ್ರಶ್ನೆ ಬಂತು ಅಂದರೆ ಎ ಹೋಯಿತು ಅಂತಲೇ ಅರ್ಥ. ‘ವಿಸಿಬಿಲಿಟಿ ಸಾಲದು’ ಅನ್ನುವ ಮಾತಿನ ಹಿಂದೆ ಇರುವುದು ಇಷ್ಟೇ. ನಿಮ್ಮ ಹೆಸರು ಬಂದಾಗ ಆ ರೂಮಿನಲ್ಲಿ ನಿಮ್ಮನ್ನು ಬಲ್ಲವರು ಇನ್ನೊಬ್ಬರು ಇರಲಿಲ್ಲ.

ಒಂದು ಸಲ ನಮ್ಮ ತಂಡಕ್ಕೆ ‘ಸಿ’ ಒಂದು ಕಡ್ಡಾಯ ಅಂದರು. 16 ಜನರಲ್ಲಿ ಯಾರೂ ಸಿ ಪಡೆಯುವ ಹಾಗೆ ಕೆಲಸ ಮಾಡಿರಲಿಲ್ಲ. ಒಬ್ಬ ಹುಡುಗನ ತಂದೆಗೆ ಆ ವರ್ಷ ಡಯಾಲಿಸಿಸ್ ಶುರುವಾಗಿತ್ತು. ವಾರಕ್ಕೆ ಎರಡು ದಿನ ಬೇಗ ಹೋಗುತ್ತಿದ್ದ. ಕೆಲಸ ಒಂದೂ ಬಾಕಿ ಇಟ್ಟಿರಲಿಲ್ಲ. ಅವನು ಜಗಳ ಆಡುವವನಲ್ಲ ಅಂತ ನನಗೆ ಗೊತ್ತಿತ್ತು. ಸಿ ಅವನಿಗೆ ಕೊಟ್ಟೆ. ಅವನು ‘ಸರಿ ಸರ್’ ಅಂದು ಎದ್ದು ಹೋದ. ಬಾಗಿಲು ಸದ್ದಾಗದ ಹಾಗೆ ಮೆಲ್ಲಗೆ ಹಾಕಿಕೊಂಡು ಹೋದ. ನನ್ನ ಕೆಲಸದಲ್ಲಿ ಮಾಡಿದ ಅತಿ ಕೆಟ್ಟ ಕೆಲಸ ಅದು. ಆಮೇಲೆ ಅವನ ಹತ್ತಿರ ಹೋಗಿ ಕ್ಷಮೆ ಕೇಳಿದ್ದೇನೆ. ರೇಟಿಂಗ್ ಅಂತೂ ವಾಪಸ್ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೇಳಿ. ಸುಮ್ನೆ ಇರುವವರ ಮೇಲೆಯೇ ಆ ಲೆಕ್ಕ ಬಂದು ಕೂರುತ್ತದೆ. ಈ ವರ್ಷದ ರೇಟಿಂಗ್ ಬದಲಾಗುವುದು ತುಂಬಾ ಕಷ್ಟ. ಆದರೆ ಕೇಳಿದವರ ಹೆಸರು ಮುಂದಿನ ವರ್ಷ ಆ ರೂಮಿನಲ್ಲಿ ಬಂದಾಗ ‘ಯಾರಿವರು?’ ಅಂತ ಯಾರೂ ಕೇಳುವುದಿಲ್ಲ. ಸ್ಕಿಪ್ ಲೆವೆಲ್ ಮೀಟಿಂಗ್, ಅಂದರೆ ಮ್ಯಾನೇಜರ್‌ಗೂ ಮೇಲಿನವರ ಜೊತೆ ನೇರ ಮೀಟಿಂಗ್, ಕೇಳಿ. ಒಂದೇ ಪುಟ ಬರೆದುಕೊಂಡು ಹೋಗಿ. ಅದರಲ್ಲಿ ಆ ಸಹೋದ್ಯೋಗಿಯ ಹೆಸರು ಬೇಡ. ನೀವು ಏನು ಮಾಡಿದಿರಿ, ಯಾವ ದಿನ, ಯಾವ ಫೈಲ್, ಅಷ್ಟು ಮಾತ್ರ ಇರಲಿ.

ಇಪ್ಪತ್ತು ವರ್ಷ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2004ರಲ್ಲಿ ಹಾಸನದ ಹತ್ತಿರದ ಹಳ್ಳಿಯಿಂದ ಬಂದವನು ನಾನು. ನಾವೆಲ್ಲ ವಾರಕ್ಕೆ 70 ಗಂಟೆ ದುಡಿದಿದ್ದೇವೆ. ನಾರಾಯಣ ಮೂರ್ತಿಯವರು 2023ರಲ್ಲಿ ಆ ಮಾತು ಆಡಿದಾಗ ಎಲ್ಲರೂ ಬೈದರು, ನನಗೆ ಮಾತ್ರ ಅದರಲ್ಲಿ ಸತ್ಯ ಕಂಡಿತು. ಅಪ್ಪನ ಸಾಲ ತೀರಿಸಿದ್ದು, ತಂಗಿ ಮದುವೆ, ಮನೆ, ಎಲ್ಲಾ ಆ ದುಡಿಮೆಯಿಂದಲೇ ಬಂತು.

ಇನ್ನೊಂದು ವಿಷಯ. ಕ್ಲೈಂಟ್ ಮುಂದೆ ನಿಂತು ಮಾತಾಡುವುದೂ ಕೆಲಸವೇ ಅಲ್ವಾ? ಕನ್ನಡ ಮೀಡಿಯಂನಿಂದ ಬಂದ ನನಗೆ ಮೊದಲ ಪ್ರೆಸೆಂಟೇಷನ್ ದಿನ ಗಂಟಲು ಒಣಗಿತ್ತು. ಕಲಿತೆ. ಮೇಡಂ ಕೂಡ ಮುಂದೆ ಬಂದು ‘ಇದನ್ನು ನಾನು ಪ್ರೆಸೆಂಟ್ ಮಾಡುತ್ತೇನೆ’ ಅಂತ ಮೊದಲೇ ಹೇಳಬೇಕಿತ್ತು. ಎಲ್ಲದಕ್ಕೂ ರಾಜಕೀಯ ಅಂದರೆ ನಾವು ಕಲಿಯುವುದು ನಿಂತುಹೋಗುತ್ತದೆ.

ಕುವೆಂಪುನಗರ ಡಾಕ್ಟರ್

ಸರ್, ನಿಮ್ಮ ದುಡಿಮೆಗೆ ಗೌರವ ಇದೆ. ಆದರೆ ದೇಹದ ಲೆಕ್ಕ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ಕೆಲಸ ಮಾಡುವವರಿಗೆ, 35ರಿಂದ 40 ಗಂಟೆ ಮಾಡುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು 35% ಜಾಸ್ತಿ. ಹೃದಯಕ್ಕೆ ರಕ್ತ ಹೋಗುವ ನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ. ಮೈಸೂರಿನಲ್ಲಿ ನನ್ನ ಹತ್ತಿರ ಬರುವ ಐಟಿಯವರು ಮೂವತ್ತೈದಕ್ಕೇ ಬಿಪಿ ಮಾತ್ರೆ ಬರೆಸಿಕೊಂಡು ಹೋಗುತ್ತಾರೆ. ರಾತ್ರಿ ಹನ್ನೊಂದೂವರೆಗೆ ಕಾಲ್ ಮುಗಿಸಿದರೆ ತಲೆ ತಣ್ಣಗಾಗಿ ನಿದ್ದೆ ಬರುವುದು ಒಂದೂವರೆಗೆ. ಅದು ಕೆಲಸದ ಗಂಟೆಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಶಿಫ್ಟ್ ಮುಗೀತು

‘ಮೊದಲೇ ಹೇಳಬೇಕಿತ್ತು’ ಅಂದವರಿಗೆ ಒಂದು ಮಾತು. ಯಾವಾಗ ಹೇಳಬೇಕಿತ್ತು? ಯಾರು ಪ್ರೆಸೆಂಟ್ ಮಾಡಬೇಕು ಅನ್ನುವುದು ಮೀಟಿಂಗ್ ರೂಮಿನಲ್ಲಿ ನಿರ್ಧಾರ ಆಗುವುದಿಲ್ಲ ಸರ್. ನಮ್ಮ ಕ್ಯಾಂಪಸ್‌ನ ಹಿಂದಿನ ಗೇಟಿನ ಹತ್ತಿರ ಒಂದು ಟೀ ಅಂಗಡಿ ಇದೆ. ಸಂಜೆ ಆರೂವರೆಗೆ ಮ್ಯಾನೇಜರ್ ಮತ್ತು ಐದಾರು ಹುಡುಗರು ಅಲ್ಲಿ ನಿಲ್ಲುತ್ತಾರೆ. ಸಿಗರೇಟ್, ಟೀ, ಕ್ರಿಕೆಟ್ ಮಾತು. ಮಾರನೇ ದಿನ ಬೆಳಿಗ್ಗೆ ಬಂದರೆ ಹೊಸ ಮಾಡ್ಯೂಲ್ ಯಾರಿಗೆ ಅನ್ನುವುದು ಆಗಲೇ ಮುಗಿದಿರುತ್ತದೆ. ಅದೇ ಆರೂವರೆಗೆ ನಾನು ಮಗುವನ್ನು ಡೇ ಕೇರ್‌ನಿಂದ ಕರೆದುಕೊಳ್ಳಲು ಓಡುತ್ತಿರುತ್ತೇನೆ. ಯಾರೂ ನನ್ನನ್ನು ಬೇಕು ಅಂತ ದೂರ ಇಟ್ಟಿಲ್ಲ. ಆದರೆ ನಾನು ಅಲ್ಲಿ ಇಲ್ಲ.

50 ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ವ್ಯವಸ್ಥೆ ಇರಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂತು. ನಿಮ್ಮ ಕಂಪನಿಯಲ್ಲಿ ಇದೆಯಾ ಕೇಳಿ ನೋಡಿ. ಸುಮಾರು ಜನಕ್ಕೆ ಆ ಹಕ್ಕು ಇರುವುದೇ ಗೊತ್ತಿಲ್ಲ.

ಇಪ್ಪತ್ತು ವರ್ಷ

ಟೀ ಅಂಗಡಿ ಮಾತು ಸರಿ ಮೇಡಂ. ಅದನ್ನು ನಾನು ಯೋಚನೆ ಮಾಡಿರಲಿಲ್ಲ. ನಮ್ಮ ತಂಡದಲ್ಲೂ ಹಾಗೇ ನಡೆಯುತ್ತದೆ.

ಸಂಘದ ಸದಸ್ಯ

ಕಾನೂನಿನ ಕಡೆ ಸ್ವಲ್ಪ ಹೇಳುತ್ತೇನೆ. ‘ಐಟಿಗೆ ಯಾವ ಕಾಯ್ದೆಯೂ ಇಲ್ಲ’ ಅಂತ ತುಂಬಾ ಜನ ನಂಬಿಕೊಂಡಿದ್ದಾರೆ. ಅದು ತಪ್ಪು.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ 7ನೇ ಸೆಕ್ಷನ್ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓವರ್‌ಟೈಮ್ ಸೇರಿಸಿದರೂ ದಿನಕ್ಕೆ 10 ಗಂಟೆ ಮೀರಬಾರದು. ಮೂರು ತಿಂಗಳಲ್ಲಿ ಓವರ್‌ಟೈಮ್ 50 ಗಂಟೆ ಮೀರಬಾರದು. ಓವರ್‌ಟೈಮ್‌ಗೆ ಎರಡು ಪಟ್ಟು ಸಂಬಳ. ಈ ಮಿತಿಯನ್ನು ಏರಿಸಲು ಎರಡು ಸಲ ಪ್ರಯತ್ನ ಆಗಿದೆ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 12 ಗಂಟೆಗಿಂತ ಹೆಚ್ಚು, ಮೂರು ತಿಂಗಳಲ್ಲಿ 125 ಗಂಟೆ ಓವರ್‌ಟೈಮ್ ತನಕ ಅವಕಾಶ ಕೊಡುವ ಪ್ರಸ್ತಾಪ ಬಂತು. 14 ಗಂಟೆ ಕೆಲಸ ಅಂತ ಪೇಪರ್‌ನಲ್ಲೆಲ್ಲ ಬಂದದ್ದು ಅದೇ. 2025ರ ಜೂನ್‌ನಲ್ಲಿ ಮತ್ತೆ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12 ಅನ್ನುವ ಪ್ರಸ್ತಾಪ. ಎರಡೂ ಸಲ ಐಟಿ ನೌಕರರ ಸಂಘ ‘ಕಿಟು’ ಬೀದಿಗಿಳಿದು ವಿರೋಧಿಸಿತು.

ಇನ್ನೊಂದು ಕಾಯ್ದೆ ಸ್ಟ್ಯಾಂಡಿಂಗ್ ಆರ್ಡರ್ಸ್ ಬಗ್ಗೆ, 1946ರದ್ದು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂತು. ಯಾವ ತಪ್ಪಿಗೆ ಯಾವ ಕ್ರಮ, ತೆಗೆಯುವ ಮೊದಲು ಏನು ಮಾಡಬೇಕು, ಇದೆಲ್ಲ ಕಂಪನಿ ಬರೆದಿಡಬೇಕು ಅನ್ನುತ್ತಿತ್ತು ಆ ಹಳೇ ಕಾಯ್ದೆ. ಕರ್ನಾಟಕದಲ್ಲಿ ಐಟಿಗೆ ಅದರಿಂದ ವಿನಾಯಿತಿ ಕೊಡುತ್ತಾ ಬಂದಿದ್ದರು, 2024ರಲ್ಲಿ ಇನ್ನೂ ಐದು ವರ್ಷ ಮುಂದುವರಿಸಿದರು. ಆದರೆ ಆ ವಿನಾಯಿತಿಗೆ ಷರತ್ತುಗಳಿದ್ದವು. ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ಕಂಪನಿಯವರೂ ನೌಕರರೂ ಸಮಸಮ ಇರಬೇಕು ಅನ್ನುವುದು ಒಂದು. ನಿಮ್ಮ ಕಂಪನಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಬರುವ ಉತ್ತರವೇ ಪರಿಸ್ಥಿತಿ ಹೇಳುತ್ತದೆ.

ಮೇಡಂ, ಬೆಳಿಗ್ಗೆ ಒಂಬತ್ತೂವರೆಗೆ ಸ್ವೈಪ್ ಮಾಡಿ ಸಂಜೆ ಆರೂವರೆಗೆ ಹೊರಗೆ ಬಂದರೆ ಅಲ್ಲಿಗೇ 9 ಗಂಟೆ. ರಾತ್ರಿ ಕಾಲ್ ಎರಡು ಗಂಟೆ ಅಂದರೆ ಹನ್ನೊಂದು. ಈ ಲೆಕ್ಕವನ್ನು ಒಂದು ತಿಂಗಳು ಡೈರಿಯಲ್ಲಿ ಬರೆಯಿರಿ. ತಾರೀಖು, ಕಾಲ್ ಶುರುವಾದ ಸಮಯ, ಮುಗಿದ ಸಮಯ, ಅಷ್ಟೇ ಸಾಕು. ಕಂಪನಿಯ ಫೈಲ್‌ಗಳನ್ನು ಮಾತ್ರ ಮನೆಯ ಮೇಲ್‌ಗೆ ಕಳಿಸಬೇಡಿ, ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಮಾಗಡಿ ರೋಡ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೇ ಮ್ಯಾನೇಜರ್ ಸರ್, ಆ ಹುಡುಗ ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದದ್ದು ಓದಿ ಕಣ್ಣಲ್ಲಿ ನೀರು ಬಂತು. ನಾನೂ ಹೋದ ವಾರ ಹಾಗೇ ಎದ್ದು ಬಂದಿದ್ದೆ.

ಒಂದು ಭಯ ಇದೆ. ಕೇಳಿದರೆ ಮುಂದಿನ ವರ್ಷ ನನಗೇ ಸಿ ಕೊಟ್ಟು ಪಿಪ್‌ಗೆ (ಗಡುವು ಕೊಟ್ಟು ‘ಸುಧಾರಿಸಿ, ಇಲ್ಲದಿದ್ದರೆ ಹೊರಗೆ’ ಅನ್ನುವ ಪಟ್ಟಿಗೆ) ಹಾಕಿಬಿಟ್ಟರೆ?

ಎಚ್‌ಆರ್‌ನಲ್ಲಿದ್ದೆ

ಏಳು ವರ್ಷ ಎಚ್‌ಆರ್ ಕೆಲಸ ಮಾಡಿದವಳು. ನಿಮ್ಮ ಭಯ ಸುಳ್ಳಲ್ಲ. ಎಚ್‌ಆರ್ ಇರುವುದು ಕಂಪನಿಗಾಗಿ, ಅದನ್ನು ಮರೆಯಬೇಡಿ. ಆದರೆ ಎಚ್‌ಆರ್‌ಗೆ ಒಂದು ವಿಷಯದಲ್ಲಿ ಹೆದರಿಕೆ ಇದೆ, ಅದು ತಾರೀಖು ಇರುವ ಬರಹ. ಬಾಯಿಮಾತಿನಲ್ಲಿ ಹೇಳಿದ ದೂರು ಗಾಳಿಗೆ ಹೋಗುತ್ತದೆ. ಮೇಲ್‌ನಲ್ಲಿ ಬಂದದ್ದಕ್ಕೆ ಉತ್ತರ ಕೊಡಲೇಬೇಕು.

ಮಾತಿನ ಧಾಟಿ ಮುಖ್ಯ. ‘ನನಗೆ ಅನ್ಯಾಯ ಆಗಿದೆ’ ಅಂತ ಶುರು ಮಾಡಿದರೆ ಅವರು ಸಮಾಧಾನ ಹೇಳಿ ಕಳಿಸುತ್ತಾರೆ. ‘ಮುಂದಿನ ವರ್ಷ ಎ ಬರಬೇಕಾದರೆ ನಾನು ಏನೇನು ಮಾಡಬೇಕು, ಬರವಣಿಗೆಯಲ್ಲಿ ತಿಳಿಸಿ’ ಅಂತ ಕೇಳಿ. ಅದಕ್ಕೆ ಬರುವ ಉತ್ತರ ನಿಮ್ಮ ಕೈಯಲ್ಲಿರುವ ಪತ್ರ. ಮುಂದಿನ ವರ್ಷ ಅದನ್ನೆಲ್ಲ ಮಾಡಿ ತೋರಿಸಿದ ಮೇಲೆ ಸಿ ಕೊಡಬೇಕಾದರೆ ಅವರೇ ಯೋಚಿಸಬೇಕು. ನಾನು ನೋಡಿದ ಹಾಗೆ, ಪಿಪ್‌ಗೆ ಹೋದವರಲ್ಲಿ ಹೆಚ್ಚಿನವರ ಹತ್ತಿರ ವರ್ಷವಿಡೀ ಮಾಡಿದ ಕೆಲಸದ ಒಂದು ಸಾಲೂ ಬರೆದದ್ದು ಇರುತ್ತಿರಲಿಲ್ಲ. ಒಳ್ಳೆಯ ಕೆಲಸಗಾರರೇ. ಆದರೆ ಕಾಗದ ಇರಲಿಲ್ಲ.

ಕಟ್‌ಓವರ್ ವೀಕೆಂಡ್‌ಗೆ ಕಾಂಪ್ ಆಫ್, ಅಂದರೆ ರಜಾ ದಿನ ದುಡಿದದ್ದಕ್ಕೆ ಬದಲಿ ರಜೆ, ಹಾಕಿದ್ದೀರಾ? ಇಲ್ಲ ಅಂದರೆ ನಾಳೆಯೇ ಕೇಳಿ. ಎಷ್ಟೋ ಕಡೆ ಅದಕ್ಕೆ ಗಡುವು ಇರುತ್ತದೆ.

ದಾವಣಗೆರೆ ಬ್ಯಾಂಕ್

ಸರ್ಕಾರಿ ಬ್ಯಾಂಕ್ ಆಫೀಸರ್ ನಾನು. ಐಟಿ ಬಿಟ್ಟು ಬ್ಯಾಂಕಿಗೆ ಬಂದರೆ ನೆಮ್ಮದಿ ಅಂತ ಕೆಲವರು ಪರೀಕ್ಷೆ ಬರೆಯುತ್ತಿದ್ದಾರೆ, ಅವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ರೇಟಿಂಗ್ ಬದಲು ಟ್ರಾನ್ಸ್‌ಫರ್. ಮೇಲಿನವರ ಜೊತೆ ಸರಿ ಇದ್ದರೆ ಪಕ್ಕದ ಊರು, ಇಲ್ಲದಿದ್ದರೆ ಭಾಷೆ ಬಾರದ ರಾಜ್ಯ. ನನ್ನ ಮಗಳು ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ನಾಲ್ಕು ಶಾಲೆ ನೋಡಿದ್ದಾಳೆ. 2015ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಸಿಗುತ್ತಿದೆ. ಆ ಶನಿವಾರವೂ ಇನ್ಶೂರೆನ್ಸ್ ಟಾರ್ಗೆಟ್ ಅಂತ ಫೋನ್ ಬರುತ್ತದೆ.

ಮೇಡಂ, ಬಿಡುವ ನಿರ್ಧಾರ ಮಾಡಿದರೆ ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡಿಗಂಟಿನ, ಲೆಕ್ಕ ಹಾಕಿಕೊಳ್ಳಿ. ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಅದನ್ನು ವರ್ಷಗಳಿಂದ ಗುಣಿಸಬೇಕು. ಮೂಲ ವೇತನ 50 ಸಾವಿರ ಇದ್ದರೆ 11 ವರ್ಷಕ್ಕೆ ಸುಮಾರು 3 ಲಕ್ಷ 17 ಸಾವಿರ ಬರುತ್ತದೆ. ಇಎಂಐ ಎಷ್ಟು ತಿಂಗಳು ನಡೆಯುತ್ತದೆ ಅಂತ ಅದರಿಂದ ಗೊತ್ತಾಗುತ್ತದೆ. ಭಯದಲ್ಲಿ ಬಿಡಬೇಡಿ, ಲೆಕ್ಕ ಹಾಕಿ ಬಿಡಿ.

ಮ್ಯೂನಿಕ್ ಕನ್ನಡಿಗ

ಜರ್ಮನಿಯಲ್ಲಿ ಆರು ವರ್ಷದಿಂದ ಇದ್ದೇನೆ, ಮೂಲ ಶಿವಮೊಗ್ಗ. ಇಲ್ಲೂ ಆಫೀಸ್ ರಾಜಕೀಯ ಇದೆ. ಬಡ್ತಿಗೆ ಯಾರ ಜೊತೆ ಕಾಫಿ ಕುಡಿಯುತ್ತೀರಿ ಅನ್ನುವುದು ಇಲ್ಲೂ ಲೆಕ್ಕಕ್ಕೆ ಬರುತ್ತದೆ. ಜರ್ಮನ್ ಸರಿಯಾಗಿ ಬಾರದ ನನಗೆ ಅದು ಚೆನ್ನಾಗಿ ಗೊತ್ತು.

ಆದರೆ ಸಮಯದ ವಿಷಯದಲ್ಲಿ ಕಾನೂನು ಗಟ್ಟಿ. ದಿನಕ್ಕೆ 8 ಗಂಟೆ, ಹೆಚ್ಚೆಂದರೆ 10. ಒಂದು ದಿನದ ಕೆಲಸ ಮುಗಿದ ಮೇಲೆ ಮುಂದಿನ ದಿನದ ಕೆಲಸಕ್ಕೆ 11 ಗಂಟೆ ಬಿಡುವು ಇರಬೇಕು. ಬೆಂಗಳೂರಿನಿಂದ ಬಂದ ಹೊಸದರಲ್ಲಿ ರಾತ್ರಿ ಹತ್ತಕ್ಕೆ ಮೇಲ್ ಕಳಿಸಿದ್ದೆ. ಬೆಳಿಗ್ಗೆ ಮ್ಯಾನೇಜರ್ ಕರೆದು ‘ನಿಮ್ಮ ಕೆಲಸ ಹೊತ್ತಿನೊಳಗೆ ಮುಗಿಯುತ್ತಿಲ್ಲವಾ? ಕೆಲಸ ಜಾಸ್ತಿ ಆಗಿದ್ದರೆ ನಾನು ಸರಿ ಮಾಡಬೇಕು’ ಅಂದರು. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದವನಿಗೆ ಅರ್ಥ ಆಗಲು ಸ್ವಲ್ಪ ದಿನ ಹಿಡಿಯಿತು. ಐದು ಜನ ಇರುವ ಜಾಗದಲ್ಲೂ ನೌಕರರು ತಮ್ಮದೇ ಕೌನ್ಸಿಲ್ ಚುನಾಯಿಸಿಕೊಳ್ಳಬಹುದು. ಓವರ್‌ಟೈಮ್‌ಗೆ ಅವರ ಒಪ್ಪಿಗೆ ಬೇಕು. ಮ್ಯಾನೇಜರ್ ಒಳ್ಳೆಯವರೋ ಕೆಟ್ಟವರೋ ಅನ್ನುವುದರ ಮೇಲೆ ನನ್ನ ಸಂಜೆ ನಿಂತಿಲ್ಲ. ಬೆಂಗಳೂರಿನಲ್ಲಿ ನಿಂತಿತ್ತು.

ಹುಬ್ಳಿ ಹುಡುಗ

ಬರೆಯುತ್ತೇನೆ ಅಂದು ನಾಲ್ಕು ದಿನ ಆಯಿತು, ಕ್ಷಮಿಸಿ.

2020ರ ಮಾರ್ಚ್‌ನಲ್ಲಿ ಎಲ್ಲರನ್ನೂ ಮನೆಗೆ ಕಳಿಸಿದಾಗ ನಾನು ಹುಬ್ಬಳ್ಳಿಗೆ ಹೋದೆ. ಎರಡೂವರೆ ವರ್ಷ ಅಲ್ಲಿಂದಲೇ ಕೆಲಸ ಮಾಡಿದೆ. ನಸುಕಿನಲ್ಲಿ ಅಪ್ಪನ ಜೊತೆ ಉಣಕಲ್ ಕೆರೆ ಸುತ್ತುತ್ತಿದ್ದೆ. ಮಧ್ಯಾಹ್ನ ಅವ್ವ ಬಿಸಿ ರೊಟ್ಟಿ ತಟ್ಟಿ ಕೊಡುತ್ತಿದ್ದಳು. ಆ ಎರಡೂ ವರ್ಷ ನನಗೆ ‘ಎ’ ಬಂತು ನೋಡ್ರಿ. ಆಮೇಲೆ ವಾಪಸ್ ಕರೆದರು. ಈಗ ಬಿಟಿಎಂನಲ್ಲಿ ಪಿಜಿ, ಒಂದು ರೂಮಿಗೆ ಮೂರು ಜನ. ವಾರಕ್ಕೆ ಇಷ್ಟು ಸ್ವೈಪ್ ಅಂತ ಲೆಕ್ಕ. ಆಫೀಸಿಗೆ ಹೋಗಿ ಮಾಡುವುದೇನು? ಹೆಡ್‌ಸೆಟ್ ಹಾಕಿಕೊಂಡು ಚೆನ್ನೈಯವರ ಜೊತೆ, ಅಮೆರಿಕದವರ ಜೊತೆ ಕಾಲ್. ನನ್ನ ತಂಡದವರು ಒಬ್ಬರೂ ನನ್ನ ಬಿಲ್ಡಿಂಗ್‌ನಲ್ಲಿ ಇಲ್ಲ.

ತಿಂಗಳಿಗೆ ಎರಡು ಸಲ ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಹತ್ತುತ್ತೇನೆ. ಶನಿವಾರ ಬೆಳಿಗ್ಗೆ ಊರು. ಭಾನುವಾರ ರಾತ್ರಿ ಮತ್ತೆ ಟ್ರೇನು, ಸೋಮವಾರ ಅಲ್ಲಿಂದಲೇ ಬ್ಯಾಗ್ ಸಮೇತ ಆಫೀಸ್. ಬ್ಯಾಗಿನಲ್ಲಿ ಅವ್ವ ಕಟ್ಟಿದ ಶೇಂಗಾ ಚಟ್ನಿ ಪುಡಿ ವಾಸನೆ ಇಡೀ ದಿನ ಡೆಸ್ಕ್ ಹತ್ತಿರ ಬರುತ್ತಿರುತ್ತದೆ. ಹೋದ ತಿಂಗಳು ಅಪ್ಪ ಮೆಟ್ಟಿಲು ಇಳಿಯುವಾಗ ಬಿದ್ದರು. ಮನೆಯಿಂದ ಕೆಲಸ ಮಾಡಲು ಎರಡು ವಾರ ಕೇಳಿದೆ. ‘ಎಲ್ಲರಿಗೂ ಒಂದೇ ರೂಲ್’ ಅಂದರು. ಅದೇ ವಾರ ಮ್ಯಾನೇಜರ್‌ಗೆ ಬೇಕಾದ ಇನ್ನೊಬ್ಬರಿಗೆ ಒಂದು ತಿಂಗಳು ಕೊಟ್ಟರು. ರೂಲ್ ಇರುವುದಕ್ಕೆ ನನಗೆ ಬೇಜಾರಿಲ್ಲ. ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಆದಾಗ ಮನಸ್ಸು ಕೆಡುತ್ತದೆ.

ನಾನು ರಾಜೀನಾಮೆ ಕೊಟ್ಟೆ. ಇನ್ನು 71 ದಿನ ನೋಟಿಸ್ ಬಾಕಿ ಇದೆ. ಹುಬ್ಬಳ್ಳಿಯಲ್ಲೇ ಒಂದು ಸಣ್ಣ ಕಂಪನಿ, ಸಂಬಳ ಕಡಿಮೆ. ಅವರು 90 ದಿನ ಕಾಯಲು ಒಪ್ಪಿದ್ದಾರೆ.

ಹಳೇ ಮ್ಯಾನೇಜರ್

ತಮ್ಮಾ, ಅಪ್ಪ ಈಗ ಹೇಗಿದ್ದಾರೆ? ರಿಲೀವಿಂಗ್ ಲೆಟರ್, ಅನುಭವ ಪತ್ರ, ಪಿಎಫ್ ವಿವರ ಕೈಗೆ ಬರುವ ತನಕ ಯಾರ ಜೊತೆಯೂ ಮಾತು ಕೆಡಿಸಿಕೊಳ್ಳಬೇಡ. ಹ್ಯಾಂಡ್‌ಓವರ್ ಮೇಲ್‌ನಲ್ಲಿ ಪ್ರತಿಯೊಂದನ್ನೂ ಬರೆದು ಕಳಿಸು.

ಹುಬ್ಳಿ ಹುಡುಗ

ಕೋಲು ಹಿಡಿದು ಓಡಾಡುತ್ತಿದ್ದಾರೆ ಸರ್. ಹಂಗೇ ಮಾಡುತ್ತೇನೆ.

ಮಾಗಡಿ ರೋಡ್

ನಾಲ್ಕು ವಾರದ ನಂತರ ಬರೆಯುತ್ತಿದ್ದೇನೆ. ಏನಾಯಿತು ಅಂತ ಹೇಳಬೇಕಲ್ವಾ.

ಒಂದು ಪುಟ ಬರೆದೆ. ಮೂರು ರಾತ್ರಿ ಹಿಡಿಯಿತು. ಮೊದಲ ದಿನ ಬರೆದದ್ದರಲ್ಲಿ ಬರೀ ಸಿಟ್ಟೇ ಇತ್ತು, ಅಳಿಸಿದೆ. ಕೊನೆಗೆ ಉಳಿದದ್ದು ಒಂಬತ್ತು ಸಾಲು. ಪ್ರತಿ ಸಾಲಿಗೂ ತಾರೀಖು, ಫೈಲ್ ಹೆಸರು. ಕೆಳಗೆ ರಾತ್ರಿ ಕಾಲ್‌ಗಳ ಲೆಕ್ಕ. ಮೂರು ವಾರದಲ್ಲಿ 15 ಕಾಲ್, ಒಟ್ಟು 27 ಗಂಟೆ. ಇಷ್ಟಾಗುತ್ತದೆ ಅಂತ ಬರೆಯುವ ತನಕ ನನಗೇ ಗೊತ್ತಿರಲಿಲ್ಲ.

ಡೆಲಿವರಿ ಹೆಡ್ 20 ನಿಮಿಷ ಕೊಟ್ಟರು. ರೇಟಿಂಗ್ ಮುಚ್ಚಿ ಆಗಿದೆ, ಬದಲಾಯಿಸಲು ಆಗುವುದಿಲ್ಲ ಅಂದರು. ಆದರೆ ಪುಟವನ್ನು ಪೂರ್ತಿ ಓದಿದರು. ‘ರನ್‌ಶೀಟ್ ನೀವು ಬರೆದದ್ದಾ?’ ಅಂತ ಎರಡು ಸಲ ಕೇಳಿದರು. ಮುಂದಿನ ಕಟ್‌ಓವರ್ ಅಕ್ಟೋಬರ್‌ನಲ್ಲಿದೆ, ಕ್ಲೈಂಟ್ ಮುಂದೆ ನಾನೇ ಪ್ರೆಸೆಂಟ್ ಮಾಡುವುದು ಅಂತ ಮೇಲ್ ಬಂದಿದೆ. ಎ ಬರಲು ಏನು ಮಾಡಬೇಕು ಅಂತ ಕೇಳಿದ್ದಕ್ಕೆ ಎಚ್‌ಆರ್ ಇನ್ನೂ ಉತ್ತರ ಕೊಟ್ಟಿಲ್ಲ, ಎರಡು ಸಲ ನೆನಪಿಸಿದ್ದೇನೆ. ಕಾಂಪ್ ಆಫ್ ಮೂರು ದಿನ ಕೇಳಿದ್ದೆ, ಎರಡು ಸಿಕ್ಕಿತು. ಒಂದಕ್ಕೆ ಗಡುವು ಮುಗಿದಿತ್ತು.

ರಾತ್ರಿ ಕಾಲ್ ಬಗ್ಗೆ ‘ಬರಲ್ಲ’ ಅಂತ ಹೇಳಲಿಲ್ಲ. ಐದು ದಿನವೂ ಲೀಡ್ ಇರಬೇಕಾಗಿಲ್ಲ, ಮೂರು ಜನ ಸರದಿಯಲ್ಲಿ ಕೂರೋಣ ಅಂತ ಒಂದು ಪಟ್ಟಿ ಮಾಡಿ ಕಳಿಸಿದೆ. ಮ್ಯಾನೇಜರ್ ಒಂದು ವಾರ ಸುಮ್ನೆ ಇದ್ದರು. ಆಮೇಲೆ ಒಪ್ಪಿದರು. ಈಗ ನನಗೆ ವಾರಕ್ಕೆ ಎರಡು ರಾತ್ರಿ.

ಆ ಸ್ಲೈಡ್ ತೋರಿಸಿದವರು ತಾವಾಗಿಯೇ ಬಂದು ಮಾತಾಡಿದರು. ಮಂಗಳವಾರ ರಾತ್ರಿ ಹತ್ತೂವರೆಗೆ ಮ್ಯಾನೇಜರ್ ಫೋನ್ ಮಾಡಿ, ಬೆಳಿಗ್ಗೆಯೊಳಗೆ ಸ್ಲೈಡ್‌ಗಳೆಲ್ಲ ಬೇಕು, ಇರುವುದನ್ನೆಲ್ಲ ಸೇರಿಸು ಅಂದಿದ್ದರಂತೆ. ‘ನಿಮ್ಮ ಹೆಸರು ಹಾಕಬೇಕಿತ್ತು. ಎ ಮೂರೇ ಇದೆ ಅಂತ ನನಗೂ ಗೊತ್ತಿತ್ತು’ ಅಂದರು. ಅವರಿಗೆ ಮೂರು ತಿಂಗಳ ಮಗು ಇದೆ, ಅವರೂ ರಾತ್ರಿ ನಿದ್ದೆ ಮಾಡುತ್ತಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಸರದಿ ಪಟ್ಟಿಗೆ ಮೊದಲು ಹೆಸರು ಕೊಟ್ಟದ್ದು ಅವರೇ.

ಸದ್ಯಕ್ಕೆ ಬಿಡುವುದಿಲ್ಲ. ಅಕ್ಟೋಬರ್ ಆಗಲಿ, ಆಮೇಲೆ ನೋಡುತ್ತೇನೆ. ರೆಸ್ಯೂಮೆ ಮಾತ್ರ ತಿದ್ದಿ ಇಟ್ಟಿದ್ದೇನೆ, ಗ್ರಾಚ್ಯುಟಿ ಲೆಕ್ಕವನ್ನೂ ಬರೆದಿಟ್ಟಿದ್ದೇನೆ.

ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಮೊನ್ನೆ ಆಯಿತು. ಆ ಎರಡು ಕಾಂಪ್ ಆಫ್ ಅದಕ್ಕೇ ಹಾಕಿದೆ.

ಶಿಫ್ಟ್ ಮುಗೀತು

ಓದಿ ಖುಷಿ ಆಯಿತು ಅಕ್ಕಾ. ಆ ಒಂಬತ್ತು ಸಾಲಿನ ಪುಟ ಹೇಗಿತ್ತು ಅಂತ, ಕಂಪನಿ ವಿವರ ತೆಗೆದು ಇಲ್ಲಿ ಹಾಕುತ್ತೀರಾ? ನನ್ನ ಅಪ್ರೈಸಲ್ ಮುಂದಿನ ತಿಂಗಳು.

ಮಾಗಡಿ ರೋಡ್

ಖಂಡಿತ. ಭಾನುವಾರ ಕೂತು ಹಾಕುತ್ತೇನೆ. ಈಗ ಅಮ್ಮನಿಗೆ ಆರು ಗಂಟೆಯ ಡ್ರಾಪ್ಸ್ ಹಾಕಬೇಕು.